ಹೊಲಿಗೆ ಬಿಚ್ಚಿದ ಮೇಲಿನ ಒಂದು ವರ್ಷ: ಚರ್ಮದ ಕ್ಯಾನ್ಸರ್ ಸರ್ಜರಿ ಮತ್ತು ಮುಖದ ಮೇಲೆ ಉಳಿಯುವ ಗುರುತು

ನಮ್ಮ ದೊಡ್ಡಮ್ಮನ ಬಲಗಡೆ ಮೂಗಿನ ಹೊಳ್ಳೆಯ ಮೇಲೆ, ಮೂಗುಬೊಟ್ಟಿನ ಪಕ್ಕದಲ್ಲೇ, ತೊಗರಿಬೇಳೆಯಷ್ಟು ಒಂದು ಕಪ್ಪು ಗಂಟು ಇತ್ತು. ಅದರ ಅಂಚು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಮುಖ ಒರೆಸುವಾಗ ಟವೆಲು ತಾಗಿದರೆ ಒಂದು ಹನಿ ರಕ್ತ. ಆಮೇಲೆ ಹಕ್ಕಳೆ ಕಟ್ಟುವುದು, ಉದುರುವುದು, ಮತ್ತೆ ರಕ್ತ. ಬೊಟ್ಟಿನ ತಿರುಪು ಉಜ್ಜಿ ಹೀಗಾಗಿದೆ ಅಂದುಕೊಂಡು ಅವರು ಎರಡು ವರ್ಷ ತೆಂಗಿನೆಣ್ಣೆ ಹಚ್ಚಿಕೊಂಡೇ ಕಳೆದರು. ಕೊನೆಗೆ ಚರ್ಮದ ಡಾಕ್ಟರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಬಂದ ಹೆಸರು ಬೇಸಲ್ ಸೆಲ್ ಕಾರ್ಸಿನೋಮಾ. ಚರ್ಮದ ಕ್ಯಾನ್ಸರ್.

ಆಪರೇಷನ್ ಚೆನ್ನಾಗಿ ಆಯಿತು. ಕ್ಯಾನ್ಸರ್ ಪೂರ್ತಿ ಹೋಯಿತು ಅಂತ ರಿಪೋರ್ಟೂ ಬಂತು. ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟೆವು. ಆದರೆ ದೊಡ್ಡಮ್ಮ ಉಸಿರು ಬಿಡಲಿಲ್ಲ. ವಾರ್ಡಿನಲ್ಲಿ ಕನ್ನಡಿ ಇರಲಿಲ್ಲ. ನಾವು ಊಟ ತಂದಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು, ಸೆರಗಿನಿಂದ ಒರೆಸಿ, ಅದರಲ್ಲಿ ಮುಖ ನೋಡಿಕೊಂಡರು. ನೋಡಿ, ಮುಚ್ಚಳವನ್ನು ಮಗುಚಿ ಇಟ್ಟು, ಆ ದಿನ ಊಟ ಮಾಡಲಿಲ್ಲ.

ಕ್ಯಾನ್ಸರ್ ಬಗ್ಗೆ ನಮಗೆ ಬೇಕಾದಷ್ಟು ಹೇಳಿದ್ದರು. ಆಪರೇಷನ್ ಆದ ಮೇಲಿನ ವರ್ಷದ ಬಗ್ಗೆ ಹೇಳಿದ್ದು ಬಹಳ ಕಡಿಮೆ. ಆ ವರ್ಷ ಏನೇನಾಗುತ್ತದೆ, ಯಾಕಾಗುತ್ತದೆ, ಏನು ಮಾಡಬಹುದು ಅನ್ನುವುದನ್ನು ನಾವು ಒಂದೊಂದಾಗಿ ಕೇಳಿ, ಓದಿ, ಎಡವಿ ತಿಳಿದುಕೊಂಡೆವು. ಮುಂಚೆಯೇ ಗೊತ್ತಿದ್ದರೆ ಡಬ್ಬಿಯ ಮುಚ್ಚಳದಲ್ಲಿ ಕಂಡ ಮುಖವೇ ಕೊನೆಯ ಮುಖ ಅಂತ ದೊಡ್ಡಮ್ಮ ಅಂದುಕೊಳ್ಳುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಚರ್ಮದ ಕ್ಯಾನ್ಸರ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಬೇಸಲ್ ಸೆಲ್ ನಿಧಾನವಾಗಿ ಬೆಳೆಯುತ್ತದೆ. ಇದ್ದ ಜಾಗವನ್ನು ತಿನ್ನುತ್ತಾ ಹೋಗುತ್ತದೆ, ದೇಹದ ಬೇರೆ ಕಡೆಗೆ ಹರಡುವುದು ತೀರಾ ಅಪರೂಪ. ಸ್ಕ್ವೇಮಸ್ ಸೆಲ್ ಕೆಲವೊಮ್ಮೆ ಹರಡುತ್ತದೆ. ಮೆಲನೋಮಾ ಮೂರರಲ್ಲಿ ಜಾಸ್ತಿ ಅಪಾಯದ್ದು. ನಮ್ಮ ಕಂದು ಚರ್ಮದಲ್ಲಿರುವ ಮೆಲನಿನ್ ಬಿಸಿಲಿನಿಂದ ಒಳ್ಳೆಯ ರಕ್ಷಣೆ ಕೊಡುತ್ತದೆ, ಹಾಗಾಗಿ ಬಿಳಿಯರಿಗಿಂತ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ನಮ್ಮಲ್ಲಿ ಮೆಲನೋಮಾ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಕಾಣಿಸಿಕೊಳ್ಳುತ್ತದೆ. 1981ರಲ್ಲಿ 36ನೇ ವಯಸ್ಸಿಗೇ ತೀರಿಕೊಂಡ ಗಾಯಕ ಬಾಬ್ ಮಾರ್ಲೆಗೆ ಅದು ಶುರುವಾಗಿದ್ದು ಕಾಲ್ಬೆರಳಿನ ಉಗುರಿನ ಕೆಳಗೆ. ಸ್ಕ್ವೇಮಸ್ ಸೆಲ್ ಹಳೇ ಸುಟ್ಟಗಾಯದ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ ಹುಟ್ಟಬಹುದು. ಕಾಶ್ಮೀರದಲ್ಲಿ ಚಳಿಗೆ ಹೊಟ್ಟೆಯ ಹತ್ತಿರ ಕೆಂಡದ ಮಡಕೆ, ಅಂದರೆ ಕಂಗ್ಡಿ, ಇಟ್ಟುಕೊಳ್ಳುವವರಿಗೆ ಹೊಟ್ಟೆ, ತೊಡೆಯ ಚರ್ಮದಲ್ಲಿ ಬರುವ ಕ್ಯಾನ್ಸರ್‌ಗೆ ಕಂಗ್ಡಿ ಕ್ಯಾನ್ಸರ್ ಅಂತಲೇ ಹೆಸರು. ನಮ್ಮ ಕಡೆಯವರ ಬೇಸಲ್ ಸೆಲ್ ಅನೇಕ ಸಲ ಕಪ್ಪು ಬಣ್ಣಕ್ಕೇ ಇರುತ್ತದೆ. ಹಾಗಾಗಿ ಮಚ್ಚೆ ಅಂತ ಸುಮ್ಮನೆ ಬಿಟ್ಟುಬಿಡುತ್ತೇವೆ.

ಬೇಳೆಯಷ್ಟು ಗಂಟಿಗೆ ನಾಣ್ಯದಷ್ಟು ಗಾಯ

ಎಲ್ಲರಿಗೂ ಮೊದಲು ಬರುವ ಪ್ರಶ್ನೆ ಇದು. ಇಷ್ಟು ಚಿಕ್ಕದಕ್ಕೆ ಅಷ್ಟು ದೊಡ್ಡದಾಗಿ ಯಾಕೆ ಕೊಯ್ದರು?

ಕ್ಯಾನ್ಸರ್ ಕಣ್ಣಿಗೆ ಕಾಣುವಷ್ಟೇ ಇರುವುದಿಲ್ಲ. ಗರಿಕೆ ಹುಲ್ಲಿನ ಬೇರಿನ ಹಾಗೆ ಪಕ್ಕಕ್ಕೂ ಆಳಕ್ಕೂ ಹೋಗಿರುತ್ತದೆ. ಆದ್ದರಿಂದ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸ್ವಲ್ಪ ಸೇರಿಸಿ ತೆಗೆಯಲೇಬೇಕು. ಅಪಾಯ ಕಡಿಮೆ ಇರುವ ಬೇಸಲ್ ಸೆಲ್‌ಗೆ ಸಾಮಾನ್ಯವಾಗಿ ಸುತ್ತ 4 ಮಿಲಿಮೀಟರ್, ಸ್ಕ್ವೇಮಸ್‌ಗೆ 4ರಿಂದ 6. ಮೆಲನೋಮಾ ಎಷ್ಟು ದಪ್ಪ ಇದೆ ಅನ್ನುವುದರ ಮೇಲೆ 1ರಿಂದ 2 ಸೆಂಟಿಮೀಟರ್. ತೊಗರಿಬೇಳೆಯ ಎರಡೂ ಕಡೆಗೆ ನಾಲ್ಕು ನಾಲ್ಕು ಮಿಲಿಮೀಟರ್ ಸೇರಿಸಿ ನೋಡಿ, ಲೆಕ್ಕ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುತ್ತದೆ. ದೊಡ್ಡಮ್ಮನಿಗೆ ಒಂದು ಕಡೆ ಅಂಚಿನಲ್ಲಿ ಇನ್ನೂ ಕ್ಯಾನ್ಸರ್ ಕಣ ಸಿಕ್ಕಿತು. ಅಲ್ಲಿ ಮತ್ತೆ ತೆಗೆದರು. ಕುಳಿ ಒಂದು ರೂಪಾಯಿ ನಾಣ್ಯದ ಹತ್ತಿರಕ್ಕೆ ಬಂತು.

ಬೆನ್ನು, ತೋಳಿನಂಥ ಜಾಗದಲ್ಲಿ ನೇರವಾಗಿ ಎಳೆದು ಹೊಲಿಯಬಹುದು. ಅಲ್ಲಿ ಇನ್ನೊಂದು ತೊಡಕಿದೆ. ದುಂಡಗಿನ ತೂತನ್ನು ಹಾಗೇ ಎಳೆದು ಹೊಲಿದರೆ ಎರಡು ತುದಿಯಲ್ಲೂ ಬಟ್ಟೆ ನಿರಿಗೆ ಕಟ್ಟಿದ ಹಾಗೆ ಚರ್ಮ ಉಬ್ಬಿ ನಿಲ್ಲುತ್ತದೆ. ಅದು ಆಗಬಾರದು ಅಂತ ಎಲೆಯ ಆಕಾರಕ್ಕೆ ಕೊಯ್ಯುತ್ತಾರೆ. ಅಗಲದ ಸುಮಾರು ಮೂರರಷ್ಟು ಉದ್ದ. ಒಂದು ಸೆಂಟಿಮೀಟರ್ ಅಗಲ ತೆಗೆದರೆ ಮೂರು ಸೆಂಟಿಮೀಟರ್ ಉದ್ದದ ಗೆರೆ ಉಳಿಯುತ್ತದೆ. ಡಾಕ್ಟರು ಅಜಾಗರೂಕತೆಯಿಂದ ಉದ್ದ ಕೊಯ್ದರು ಅಂತ ಬೇಜಾರು ಮಾಡಿಕೊಂಡವರನ್ನು ನೋಡಿದ್ದೇನೆ. ಗೆರೆ ಚಪ್ಪಟೆಯಾಗಿ ಕೂರಲಿ ಅಂತಲೇ ಅಷ್ಟು ಉದ್ದ ಕೊಯ್ದಿರುತ್ತಾರೆ.

ಮೂಗು, ಕಣ್ಣಿನ ರೆಪ್ಪೆ, ಕಿವಿ, ತುಟಿಯಂಥ ಕಡೆ ಒಂದೊಂದು ಮಿಲಿಮೀಟರ್ ಚರ್ಮವೂ ಮುಖ್ಯ. ಅಂಥ ಕಡೆಗೆ ಮೋಸ್ ಸರ್ಜರಿ ಅಂತ ಒಂದು ವಿಧಾನ ಇದೆ. ಅಮೆರಿಕದ ವಿಸ್ಕಾನ್ಸಿನ್‌ನ ಫ್ರೆಡ್ರಿಕ್ ಮೋಸ್ 1930ರ ದಶಕದಲ್ಲಿ ಶುರು ಮಾಡಿದ್ದು. ತೆಳುವಾದ ಒಂದು ಪದರ ತೆಗೆದು, ಆಗಲೇ ಮೈಕ್ರೋಸ್ಕೋಪಿನಲ್ಲಿ ಅದರ ಅಂಚನ್ನೆಲ್ಲ ನೋಡಿ, ಎಲ್ಲಿ ಕ್ಯಾನ್ಸರ್ ಉಳಿದಿದೆಯೋ ಅಲ್ಲಿ ಮಾತ್ರ ಮುಂದಿನ ಪದರ ತೆಗೆಯುತ್ತಾರೆ. ನಮ್ಮ ದೇಶದಲ್ಲಿ ಇದನ್ನು ಮಾಡುವ ಆಸ್ಪತ್ರೆಗಳು ಕಡಿಮೆ. ಹೆಚ್ಚಿನ ಕಡೆ ಆಪರೇಷನ್ ನಡೆಯುವಾಗಲೇ ಅಂಚಿನ ತುಂಡುಗಳನ್ನು ಹೆಪ್ಪುಗಟ್ಟಿಸಿ ಪರೀಕ್ಷೆ ಮಾಡುತ್ತಾರೆ. ಆಪರೇಷನ್‌ಗೆ ಮುಂಚೆ "ಅಂಚನ್ನು ಹೇಗೆ ಪರೀಕ್ಷೆ ಮಾಡ್ತೀರಿ?" ಅಂತ ಕೇಳುವುದು ನಿಮ್ಮ ಹಕ್ಕು. ಕೇಳಿ.

ಹಣೆಯ ಚರ್ಮ ಮೂಗಿಗೆ

ಎಳೆದು ಹೊಲಿಯಲು ಆಗದಷ್ಟು ದೊಡ್ಡ ಕುಳಿಗೆ ಎರಡು ದಾರಿ. ಒಂದು ಗ್ರಾಫ್ಟ್. ಬೇರೆ ಕಡೆಯಿಂದ ಚರ್ಮವನ್ನು ಪೂರ್ತಿ ಬಿಡಿಸಿ ತಂದು ಇಲ್ಲಿ ಕೂರಿಸುವುದು. ಭತ್ತದ ಸಸಿ ಕಿತ್ತು ನಾಟಿ ಮಾಡಿದ ಹಾಗೆ. ಹೊಸ ಜಾಗದಿಂದ ಅದಕ್ಕೆ ರಕ್ತ ಸಿಕ್ಕರೆ ಮಾತ್ರ ಬದುಕುತ್ತದೆ. ಅದಕ್ಕೇ ಮೊದಲ ಐದಾರು ದಿನ ಮೇಲೆ ಹತ್ತಿಯ ಉಂಡೆ ಕಟ್ಟಿ ಅಲುಗಾಡದಂತೆ ಒತ್ತಿ ಇಟ್ಟಿರುತ್ತಾರೆ. ಮುಖಕ್ಕೆ ಕಿವಿಯ ಹಿಂದಿನ ಅಥವಾ ಕೊರಳೆಲುಬಿನ ಮೇಲಿನ ಚರ್ಮ ಬಣ್ಣದಲ್ಲಿ ಚೆನ್ನಾಗಿ ಹೊಂದುತ್ತದೆ. ತೊಡೆಯದು ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತದೆ.

ಇನ್ನೊಂದು ದಾರಿ ಫ್ಲ್ಯಾಪ್. ಪಕ್ಕದ ಚರ್ಮವನ್ನು ಅದರ ರಕ್ತನಾಳದ ಸಮೇತ ತಿರುಗಿಸಿ ತಂದು ಮುಚ್ಚುವುದು. ದೊಡ್ಡಮ್ಮನಿಗೆ ಮಾಡಿದ್ದು ಇದು. ಹುಬ್ಬಿನ ಒಳತುದಿಯಿಂದ ಒಂದು ರಕ್ತನಾಳ ಹಣೆಯ ಮೇಲಕ್ಕೆ ಹೋಗುತ್ತದೆ. ಆ ನಾಳ ಬುಡದಲ್ಲಿ ಉಳಿಯುವ ಹಾಗೆ ಹಣೆಯಿಂದ ಉದ್ದನೆಯ ಚರ್ಮದ ಪಟ್ಟಿ ಎಬ್ಬಿಸಿ, ಅದನ್ನು ಕೆಳಕ್ಕೆ ತಿರುವಿ, ತುದಿಯನ್ನು ಮೂಗಿನ ಕುಳಿಗೆ ಹೊಲಿಯುತ್ತಾರೆ. ಸುಮಾರು ಮೂರು ವಾರ ಆ ಪಟ್ಟಿ ಹುಬ್ಬಿನಿಂದ ಮೂಗಿಗೆ ಸೇತುವೆಯ ಹಾಗೆ ನಿಂತಿರುತ್ತದೆ. ಅಷ್ಟರಲ್ಲಿ ಮೂಗಿನ ಕಡೆಯಿಂದಲೇ ಹೊಸ ರಕ್ತನಾಳ ಬೆಳೆಯುತ್ತವೆ. ಆಮೇಲೆ ಎರಡನೇ ಆಪರೇಷನ್‌ನಲ್ಲಿ ಸೇತುವೆ ಕತ್ತರಿಸುತ್ತಾರೆ.

ಈ ವಿದ್ಯೆಗೂ ನಮ್ಮ ನೆಲಕ್ಕೂ ನಂಟಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿಬಿದ್ದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದ್ದರು. ಒಂದು ವರ್ಷದ ನಂತರ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಕುಲದ ಒಬ್ಬ ವ್ಯಕ್ತಿ ಅವನಿಗೆ ಹಣೆಯ ಚರ್ಮದಿಂದ ಹೊಸ ಮೂಗು ಮಾಡಿಕೊಟ್ಟ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆ ಮಾಡಿ ಗೆರೆ ಎಳೆದು, ಅಷ್ಟು ಚರ್ಮ ಬಿಡಿಸಿ, ಕೆಳಕ್ಕೆ ತಿರುವಿ ಕೂರಿಸಿದ್ದ. ಬೆಸುಗೆಗೆ ಕಾಚು ಹಚ್ಚಿದ ಬಟ್ಟೆ ಪಟ್ಟಿ ಬಳಸಿದ್ದ. 25ನೇ ದಿನದ ಸುಮಾರಿಗೆ ಸೇತುವೆ ಕತ್ತರಿಸುತ್ತಿದ್ದರಂತೆ. ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡ ಈ ವಿವರ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್‌ನಲ್ಲಿ ಅಚ್ಚಾಯಿತು. ಅದನ್ನು ಓದಿ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಇದೇ ರೀತಿ ಮೂಗು ಕಟ್ಟಿದರು. ಇವತ್ತಿಗೂ ವೈದ್ಯರು ಇದನ್ನು ಭಾರತೀಯ ವಿಧಾನ ಅಂತಲೇ ಕರೆಯುತ್ತಾರೆ. ಇದನ್ನು ಹೇಳಿದಾಗ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಅವನು ಆಮೇಲೆ ಎಲ್ಲರ ಮುಂದೆ ಓಡಾಡಿಕೊಂಡಿದ್ದನಾ?" ಕಾಗದದಲ್ಲಿ ಅವನ ಚಿತ್ರ ಬರೆಸಿ ಅಚ್ಚು ಹಾಕಿದ್ದಾರೆ ಅಂದೆ. ಫೋನಿನಲ್ಲಿ ತೋರಿಸು ಅಂದರು. ಬಹಳ ಹೊತ್ತು ನೋಡಿದರು.

ಆ ಮೂರು ವಾರ ಕಷ್ಟವೇ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಸೇತುವೆ ಅಡ್ಡ ಬರುವುದರಿಂದ ಕನ್ನಡಕ ಕೂರುವುದಿಲ್ಲ. ಮೊದಲ ಕೆಲವು ದಿನ ಪಟ್ಟಿಯ ಹಸಿ ಅಂಚಿನಿಂದ ರಕ್ತ ಜಿನುಗುತ್ತದೆ. ಎರಡು ಮೂರನೇ ದಿನ ಎರಡೂ ಕಣ್ಣು ಊದಿ ನೀಲಿಗಟ್ಟುತ್ತವೆ. ಇವೆಲ್ಲ ಆಗುವಂಥವೇ, ಊತ ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಎರಡು ದಿಂಬು ಹಾಕಿ ತಲೆ ಎತ್ತರ ಮಾಡಿ ಮಲಗಬೇಕು. ಬಗ್ಗಿ ರಂಗೋಲಿ ಹಾಕುವುದು, ಕೊಡ ಎತ್ತುವುದು ಎರಡು ವಾರವಾದರೂ ಬೇಡ. ಬಗ್ಗಿದರೆ ಮುಖಕ್ಕೆ ರಕ್ತ ನುಗ್ಗುತ್ತದೆ. ರಕ್ತ ಬಂದರೆ ಸ್ವಚ್ಛ ಬಟ್ಟೆಯಿಂದ ಹದಿನೈದು ಇಪ್ಪತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಫ್ಲ್ಯಾಪ್ ಇದ್ದರೆ ಸೇತುವೆಯನ್ನು ಮಾತ್ರ ಗಟ್ಟಿಯಾಗಿ ಒತ್ತಬಾರದು, ಎಲ್ಲಿ ಹೇಗೆ ಒತ್ತಬೇಕು ಅಂತ ಡಾಕ್ಟರ ಹತ್ತಿರ ಮೊದಲೇ ತೋರಿಸಿಕೊಳ್ಳಿ. ನಿಂತಿತಾ ಅಂತ ಮಧ್ಯೆ ಮಧ್ಯೆ ತೆಗೆದು ನೋಡಬಾರದು. ನಾವು ಮಾಡಿದ ತಪ್ಪು ಅದೇ. ಒತ್ತಿದರೂ ನಿಲ್ಲದಿದ್ದರೆ, ಮೂರನೇ ದಿನದ ಮೇಲೆ ನೋವು ಇಳಿಯುವ ಬದಲು ಏರಿದರೆ, ಕೀವು, ಜ್ವರ ಬಂದರೆ, ಫ್ಲ್ಯಾಪಿನ ಚರ್ಮ ನೀಲಿಯಾಗಿಯೋ ಕಪ್ಪಾಗಿಯೋ ತಿರುಗಿದರೆ ಆಸ್ಪತ್ರೆಗೆ ಅವತ್ತೇ ಹೋಗಬೇಕು.

ಬೀಡಿ, ಸಿಗರೇಟು, ಹೊಗೆಸೊಪ್ಪು ಇದ್ದವರು ಆಪರೇಷನ್‌ಗೆ ಮುಂಚೆಯೇ ಬಿಡಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಫ್ಲ್ಯಾಪ್ ಬದುಕುವುದೇ ಆ ಸಣ್ಣ ನಾಳಗಳಿಂದ.

ಚರ್ಮದ ಒಳಗೆ ನಡೆಯುವ ಕೆಲಸ

ಮುಖದ ಹೊಲಿಗೆಯನ್ನು ಸಾಮಾನ್ಯವಾಗಿ ಐದರಿಂದ ಏಳು ದಿನಕ್ಕೆ ತೆಗೆಯುತ್ತಾರೆ. ಬೆನ್ನು, ಕಾಲಿನದು ಹತ್ತರಿಂದ ಹದಿನಾಲ್ಕು ದಿನ. ಹೊಲಿಗೆ ತೆಗೆದ ದಿನ ಎಲ್ಲರೂ "ಮುಗಿಯಿತಲ್ಲ" ಅನ್ನುತ್ತಾರೆ. ಆದರೆ ಒಳಗೆ ಕೆಲಸ ಆಗಷ್ಟೇ ಶುರುವಾಗಿರುತ್ತದೆ.

ನಮ್ಮ ಬೀದಿಯಲ್ಲಿ ಪೈಪಿಗೆ ಅಂತ ರಸ್ತೆ ಅಗೆದು ಮುಚ್ಚಿದ್ದನ್ನು ನೆನೆಸಿಕೊಳ್ಳಿ. ಮೊದಲು ಸಿಕ್ಕಿದ ಮಣ್ಣು, ಜಲ್ಲಿ ತುಂಬಿ ಗುಂಡಿ ಮುಚ್ಚುತ್ತಾರೆ. ಅದು ಉಬ್ಬಿಕೊಂಡು, ಒರಟಾಗಿ ಇರುತ್ತದೆ. ಆಮೇಲೆ ಬಂದು ಅದನ್ನು ಕಿತ್ತು, ಸಮ ಮಾಡಿ, ಡಾಂಬರು ಹಾಕುತ್ತಾರೆ. ಚರ್ಮವೂ ಹಾಗೇ. ಮೊದಲ ಕೆಲವು ದಿನ ರಕ್ತ ನಿಲ್ಲಿಸಿ, ಊದಿಸಿ, ಕಸ ಗುಡಿಸುತ್ತದೆ. ಆಮೇಲೆ ಎರಡು ಮೂರು ವಾರ ಆತುರಾತುರವಾಗಿ ಕಾಲಜನ್ ಎಂಬ ನಾರನ್ನು ಅಡ್ಡಾದಿಡ್ಡಿ ತುಂಬುತ್ತದೆ. ಅದಕ್ಕೆ ಬೇಕಾದ ರಕ್ತನಾಳಗಳನ್ನೂ ಹರಡುತ್ತದೆ. ಅದಾದ ಮೇಲೆ ಒಂದು ವರ್ಷ, ಕೆಲವರಿಗೆ ಅದಕ್ಕೂ ಜಾಸ್ತಿ, ಆ ಹಳೇ ನಾರನ್ನು ತೆಗೆದು ಗಟ್ಟಿಯಾದ ನಾರನ್ನು ಸಾಲಾಗಿ ಜೋಡಿಸುತ್ತಾ ಹೋಗುತ್ತದೆ. ಬೇಡದ ರಕ್ತನಾಳ ಮುಚ್ಚುತ್ತವೆ.

ಇದರಲ್ಲಿ ಎರಡು ವಿಷಯ ಗೊತ್ತಿರಲೇಬೇಕು. ಮೂರು ವಾರಕ್ಕೆ ಗಾಯ ಹೊರಗಿನಿಂದ ಮಾಯ್ದ ಹಾಗೆ ಕಂಡರೂ ಅದರ ಬಲ ಮೊದಲಿನ ಚರ್ಮದ ಸುಮಾರು ಕಾಲು ಭಾಗ ಮಾತ್ರ. ಮೂರು ತಿಂಗಳಿಗೆ ಶೇಕಡ 80ರ ಹತ್ತಿರ ಬರುತ್ತದೆ, ಎಷ್ಟು ವರ್ಷವಾದರೂ ಅಲ್ಲಿಂದ ಮೇಲೆ ಹೋಗುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ಒಂದೂವರೆ ಎರಡು ತಿಂಗಳ ಹೊತ್ತಿಗೆ ಗುರುತು ಮೊದಲಿಗಿಂತ ಗಟ್ಟಿಯಾಗಿ, ಉಬ್ಬಿ, ಬಣ್ಣ ಏರಿ, ಕೆಟ್ಟದಾಗಿ ಕಾಣಬಹುದು. ಜನ ಹೆದರುವುದು ಆಗಲೇ. ನಾರು ತುಂಬುವ ಕೆಲಸ ಜೋರಾಗಿರುವ ಕಾಲ ಅದು. ಹೆಚ್ಚಿನವರಿಗೆ ಆಮೇಲೆ ನಿಧಾನವಾಗಿ ಮೆತ್ತಗಾಗಿ ಇಳಿಯುತ್ತದೆ. ದೊಡ್ಡಮ್ಮ ಎರಡನೇ ತಿಂಗಳಲ್ಲಿ ಅತ್ತಷ್ಟು ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ. ಇದು ಹೀಗೇ ಆಗುತ್ತದೆ ಅಂತ ಒಬ್ಬರಾದರೂ ಮೊದಲೇ ಹೇಳಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹೊಲಿಗೆ ಇರುವಾಗ ಗಾಯವನ್ನು ಒಣಗಲು ಬಿಡಬೇಕು ಅನ್ನುವುದು ನಮ್ಮಲ್ಲಿ ಹಳೇ ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ತೇವ ಉಳಿಸಿ ಮುಚ್ಚಿಟ್ಟ ಗಾಯ ಗಾಳಿಗೆ ಬಿಟ್ಟ ಗಾಯಕ್ಕಿಂತ ಬೇಗ ಚರ್ಮ ಕಟ್ಟಿತು. ಹೊಸ ಚರ್ಮದ ಕಣಗಳು ತೇವದ ಮೇಲೆ ಸಲೀಸಾಗಿ ಹರಿದಾಡುತ್ತವೆ, ಹಕ್ಕಳೆ ಇದ್ದರೆ ಅದರ ಕೆಳಗೆ ತೂರಿಕೊಂಡು ಹೋಗಬೇಕು. ಆದ್ದರಿಂದ ಡಾಕ್ಟರು ನೀರು ತಾಗಿಸಬಹುದು ಅಂದ ಮೇಲೆ ದಿನಾ ಮೃದುವಾದ ಸೋಪಿನ ನೀರಿನಿಂದ ತೊಳೆದು, ಒತ್ತಿ ಒರೆಸಿ, ತೆಳುವಾಗಿ ವ್ಯಾಸಲೀನ್ ಹಚ್ಚಿ ಮುಚ್ಚುವುದು ಒಳ್ಳೆಯದು. ಅರಿಶಿನ ಪುಡಿ, ಕಾಫಿ ಪುಡಿ, ಬೂದಿ, ಸೊಪ್ಪಿನ ರಸ ಯಾವುದೂ ಬೇಡ. ಅಡುಗೆಮನೆಯ ಪುಡಿಗಳು ಕ್ರಿಮಿ ಇಲ್ಲದವಲ್ಲ.

ಊಟದ ಪಥ್ಯದ ಬಗ್ಗೆಯೂ ಹೇಳಬೇಕು. ಬದನೆಕಾಯಿ ನಂಜು, ಮೊಟ್ಟೆ ನಂಜು, ಮೀನು ನಂಜು ಅಂತ ನಮ್ಮ ಮನೆಗಳಲ್ಲಿ ಆಪರೇಷನ್ ಆದವರಿಗೆ ಗಂಜಿ, ತಿಳಿಸಾರು ಮಾತ್ರ ಕೊಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಕಾಲಜನ್ ಕಟ್ಟಲು ಬೇಕಾಗಿರುವುದೇ ಪ್ರೋಟೀನ್. ಬೇಳೆ, ಕಾಳು, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಎಲ್ಲ ಬೇಕು. ನಿಂಬೆ, ನೆಲ್ಲಿಕಾಯಿಯ ವಿಟಮಿನ್ ಸಿ ಬೇಕು. ಸಕ್ಕರೆ ಕಾಯಿಲೆ ಇದ್ದವರು ಸಕ್ಕರೆ ಹಿಡಿತದಲ್ಲಿ ಇಟ್ಟುಕೊಂಡರೆ ಗಾಯಕ್ಕೆ ಅದಕ್ಕಿಂತ ದೊಡ್ಡ ಔಷಧಿ ಇಲ್ಲ.

ಗಾಯ ಪೂರ್ತಿ ಮುಚ್ಚಿದ ಮೇಲೆ ಮಾಡುವ ಮೂರು ಕೆಲಸ ಇವೆ. ಮೊದಲನೆಯದು ಬಿಸಿಲಿನಿಂದ ಕಾಪಾಡುವುದು. ಕಂದು ಚರ್ಮಕ್ಕೆ ಪೆಟ್ಟಾದ ಕಡೆ ಬಣ್ಣ ಜಾಸ್ತಿ ಸುರಿಯುವ ಸ್ವಭಾವ ಇದೆ. ಹೊಸ ಗುರುತಿನ ಮೇಲೆ ಬಿಸಿಲು ಬಿದ್ದರೆ ಅದು ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಎಸ್‌ಪಿಎಫ್ 30ಕ್ಕೂ ಮೇಲಿನ ಸನ್‌ಸ್ಕ್ರೀನ್ ಧಾರಾಳವಾಗಿ ಹಚ್ಚಬೇಕು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ನಮ್ಮಂಥ ಚರ್ಮಕ್ಕೆ ಇನ್ನೂ ಒಳ್ಳೆಯದು, ಕಣ್ಣಿಗೆ ಕಾಣುವ ಬೆಳಕಿನಿಂದ ಏರುವ ಕಪ್ಪನ್ನೂ ತಡೆಯುತ್ತದೆ. ಕೊಡೆ, ಟೋಪಿ, ಸೆರಗು ಜೊತೆಗಿರಲಿ.

ಎರಡನೆಯದು ಸಿಲಿಕೋನ್. ಜೆಲ್ ರೂಪದಲ್ಲೂ ಅಂಟಿಸುವ ಹಾಳೆಯಾಗಿಯೂ ಸಿಗುತ್ತದೆ. ಹಾಳೆಯಾದರೆ ದಿನಕ್ಕೆ 12 ಗಂಟೆಗೂ ಹೆಚ್ಚು, ಎರಡು ಮೂರು ತಿಂಗಳಾದರೂ ಇರಬೇಕು. ಮೇಲಿನ ಪದರದ ನೀರು ಆರಿಹೋಗದಂತೆ ತಡೆದು, ನಾರು ಅತಿಯಾಗಿ ತುಂಬುವುದನ್ನು ಇದು ಕಡಿಮೆ ಮಾಡುತ್ತದೆ. ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಚ್ಚುವುದನ್ನು ಬಹಳ ಜನ ಹೇಳುತ್ತಾರೆ. ಅದರಿಂದ ಲಾಭ ಇದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ, ಕೆಲವರಿಗೆ ಅಲರ್ಜಿಯಾಗಿ ಗುರುತು ಇನ್ನೂ ಕೆಡುತ್ತದೆ. ಮೂರನೆಯದು ಮಸಾಜ್. ಹೊಲಿಗೆ ತೆಗೆದು ಎರಡು ಮೂರು ವಾರ ಆದ ಮೇಲೆ, ಡಾಕ್ಟರು ಆಗಬಹುದು ಅಂದರೆ, ಬೆರಳ ತುದಿಯಿಂದ ಒತ್ತಿ ಸುತ್ತಿಸುತ್ತಾ ದಿನಕ್ಕೆ ಎರಡು ಮೂರು ಸಲ ಕೆಲವು ನಿಮಿಷ. ನಾವು ಸಂಜೆ ಟಿವಿ ಮುಂದೆ ಕೂತಾಗ ಅಂತ ಗೊತ್ತುಮಾಡಿಕೊಂಡೆವು. ಇಲ್ಲದಿದ್ದರೆ ಮರೆತೇ ಹೋಗುತ್ತದೆ.

ಕೆಲವರ ಚರ್ಮಕ್ಕೆ ಕೀಲಾಯ್ಡ್ ಕಟ್ಟುವ ಗುಣ ಇರುತ್ತದೆ. ಕಪ್ಪು, ಕಂದು ಚರ್ಮದವರಲ್ಲಿ ಇದು ಜಾಸ್ತಿ. ಸುಮ್ಮನೆ ಉಬ್ಬಿದ ಗುರುತು ಗಾಯದ ಗಡಿಯೊಳಗೇ ಇರುತ್ತದೆ, ಕಾಲಕ್ರಮದಲ್ಲಿ ಇಳಿಯುತ್ತದೆ. ಕೀಲಾಯ್ಡ್ ಗಡಿ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬುತ್ತದೆ, ತುರಿಸುತ್ತದೆ, ನೋಯುತ್ತದೆ. ಅದನ್ನು ಬರೀ ಕೊಯ್ದು ತೆಗೆದರೆ ಮತ್ತೆ, ಎಷ್ಟೋ ಸಲ ಮೊದಲಿಗಿಂತ ದೊಡ್ಡದಾಗಿ ಬರುತ್ತದೆ. ಅದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್‌ನಂಥ ಚಿಕಿತ್ಸೆ ಬೇಕು. ಹಿಂದೆ ಕಿವಿ ಚುಚ್ಚಿಸಿದಾಗಲೋ ಲಸಿಕೆ ಹಾಕಿಸಿದಾಗಲೋ ಹಾಗೆ ಗಂಟು ಕಟ್ಟಿದ್ದರೆ ಆಪರೇಷನ್‌ಗೆ ಮುಂಚೆಯೇ ಸರ್ಜನ್‌ಗೆ ಹೇಳಿ.

ಮರಗಟ್ಟುವುದು ಇನ್ನೊಂದು. ಕೊಯ್ದಾಗ ಸಣ್ಣ ನರಗಳೂ ತುಂಡಾಗುತ್ತವೆ. ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಆಗ ಇರುವೆ ಹರಿದ ಹಾಗೆ, ಚುಚ್ಚಿದ ಹಾಗೆ ಆಗುತ್ತದೆ. ದೊಡ್ಡಮ್ಮನಿಗೆ ಮೂಗು ಮುಟ್ಟಿದರೆ ಹಣೆ ಮುಟ್ಟಿದ ಹಾಗೆ ಅನ್ನಿಸುತ್ತಿತ್ತು, ಹಣೆಯ ನರದ ಎಳೆ ಚರ್ಮದ ಜೊತೆಗೇ ಬಂದಿತ್ತಲ್ಲ. ಸೇತುವೆ ಕತ್ತರಿಸಿದ ಮೇಲೆ ಅದು ಹೋಯಿತು.

"ಏನಾಯ್ತು ಮುಖಕ್ಕೆ?"

ಗಾಯದ ಗಾತ್ರಕ್ಕೂ ಮನಸ್ಸಿನ ನೋವಿನ ಗಾತ್ರಕ್ಕೂ ನೇರ ಲೆಕ್ಕ ಇಲ್ಲ. ಈ ವಿಷಯದಲ್ಲಿ ಕೆಲಸ ಮಾಡುವ ಮನಃಶಾಸ್ತ್ರಜ್ಞರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ದೊಡ್ಡ ಗುರುತಿದ್ದವರು ಆರಾಮಾಗಿ ಓಡಾಡಬಹುದು, ಕಿರುಬೆರಳಿನಷ್ಟು ಗೆರೆಗೆ ಒಬ್ಬರು ಮನೆಯಿಂದ ಹೊರಬರದೆ ಕೂರಬಹುದು. ಹಾಗಾಗಿ "ಇಷ್ಟಕ್ಕೆಲ್ಲ ಯಾಕೆ ಅಳ್ತೀರಾ, ಜೀವ ಉಳೀತಲ್ಲ" ಅನ್ನುವ ಮಾತು ಸಮಾಧಾನವಾಗುವುದಿಲ್ಲ. ಜೀವ ಉಳಿದ ಸಂತೋಷ ಮತ್ತು ಮುಖ ಹೋದ ದುಃಖ ಎರಡೂ ಒಂದೇ ಮನಸ್ಸಿನಲ್ಲಿ ಇರಬಹುದು, ಅಲ್ವಾ?

ದೊಡ್ಡಮ್ಮನ ದುಃಖಕ್ಕೆ ಎರಡು ಗುರುತಿನ ಜಾಗ ಇತ್ತು. ಮೂಗುಬೊಟ್ಟಿನ ತೂತು ಕ್ಯಾನ್ಸರ್ ಜೊತೆಗೆ ಹೋಗಿತ್ತು. ಹಣೆಯ ಮೇಲೆ ಹುಬ್ಬಿನಿಂದ ಕೂದಲಿನವರೆಗೆ ಒಂದು ಉದ್ದ ಗೆರೆ ಬಂದಿತ್ತು, ಕುಂಕುಮ ಇಡುವ ಜಾಗದ ಪಕ್ಕದಲ್ಲೇ. ಹದಿನಾರನೇ ವಯಸ್ಸಿನಿಂದ ಇದ್ದ ಬೊಟ್ಟು, ಕುಂಕುಮ. ಇದು ಅಲಂಕಾರದ ವಿಷಯ ಅಂತ ನಾವು ಗಂಡಸರು ಅಂದುಕೊಂಡಿದ್ದೆವು. ಅವರಿಗೆ ಅದು ತಾನು ಯಾರು ಅನ್ನುವ ವಿಷಯ. ಡಾಕ್ಟರು ಇದನ್ನು ಅರ್ಥ ಮಾಡಿಕೊಂಡರು. "ಅಮ್ಮಾ, ಮೂರು ತಿಂಗಳು ಗೆರೆಯ ಮೇಲೆ ಮಾತ್ರ ಕುಂಕುಮ ತಾಗಿಸಬೇಡಿ, ಪಕ್ಕದಲ್ಲಿ ಇಟ್ಕೊಳ್ಳಿ. ಸ್ಟಿಕ್ಕರ್ ಬೇಡವೇ ಬೇಡ" ಅಂದರು. ಸ್ಟಿಕ್ಕರ್ ಬಿಂದಿಯ ಅಂಟಿನಲ್ಲಿ ಇರುವ ಒಂದು ರಾಸಾಯನಿಕದಿಂದ ಕೆಲವರಿಗೆ ಚರ್ಮದ ಬಣ್ಣವೇ ಹೋಗಿ ಬಿಳಿ ಮಚ್ಚೆ ಆಗುತ್ತದೆ.

ಇನ್ನು ಜನರ ಕಣ್ಣು. ನಮ್ಮ ಕಡೆ ಯಾರೂ ಕೇಳದೆ ಬಿಡುವುದಿಲ್ಲ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ತರಕಾರಿ ಗಾಡಿಯ ಹತ್ತಿರ. ಗ್ರಹಣದಲ್ಲಿ ಹೊರಗೆ ಬಂದಿದ್ರಾ ಅಂತ ಒಬ್ಬರು. ಅಂಟುತ್ತಾ ಅಂತ ಇನ್ನೊಬ್ಬರು, ಅದೂ ಮಗುವನ್ನು ಪಕ್ಕಕ್ಕೆ ಎಳೆದುಕೊಂಡು. ಕ್ಯಾನ್ಸರ್ ಮುಟ್ಟಿದರೆ, ಒಟ್ಟಿಗೆ ಉಂಡರೆ ಅಂಟುವುದಿಲ್ಲ. ಇದನ್ನು ಮನೆಯವರು ಜೋರಾಗಿ, ನಾಲ್ಕು ಜನರ ಮುಂದೆ ಹೇಳಬೇಕು.

ಬ್ರಿಟನ್ನಿನ ಜೇಮ್ಸ್ ಪಾರ್ಟ್ರಿಜ್ 18ನೇ ವಯಸ್ಸಿನಲ್ಲಿ ಕಾರಿಗೆ ಬೆಂಕಿ ಹತ್ತಿ ಮುಖ ಸುಟ್ಟುಕೊಂಡವರು. 1992ರಲ್ಲಿ ಅವರು ಚೇಂಜಿಂಗ್ ಫೇಸಸ್ ಎಂಬ ಸಂಸ್ಥೆ ಕಟ್ಟಿದರು. ಮುಖದ ಮೇಲೆ ಗುರುತು ಇರುವವರು ಜನರ ಜೊತೆ ಬೆರೆಯುವುದನ್ನು ಈಜು, ಸೈಕಲ್ಲಿನ ಹಾಗೆ ಕಲಿಯಬಹುದು ಅನ್ನುವುದು ಆ ಸಂಸ್ಥೆಯ ಕೆಲಸದ ತಿರುಳು. ಅವರು ಕಲಿಸಿದ ಒಂದು ಉಪಾಯ ನಮಗೆ ಬಹಳ ಉಪಯೋಗಕ್ಕೆ ಬಂತು. ಉತ್ತರವನ್ನು ಮೊದಲೇ ತಯಾರು ಮಾಡಿ ಇಟ್ಟುಕೊಳ್ಳುವುದು. ಏನಾಯ್ತು ಅಂತ ಒಂದು ವಾಕ್ಯ, ಈಗ ಸರಿ ಇದ್ದೇನೆ ಅಂತ ಒಂದು ವಾಕ್ಯ, ಆಮೇಲೆ ಮಾತು ಬೇರೆ ಕಡೆಗೆ. ದೊಡ್ಡಮ್ಮ ಕನ್ನಡಿ ಮುಂದೆ ಹೇಳಿ ಹೇಳಿ ರೂಢಿ ಮಾಡಿಕೊಂಡರು: "ಮೂಗಿನ ಮೇಲೆ ಗಂಟಾಗಿತ್ತು, ಆಪರೇಷನ್ ಮಾಡಿ ತೆಗೆದರು. ಈಗ ಆರಾಮಿದೀನಿ. ನಿಮ್ಮ ಮಗಳಿಗೆ ಎಷ್ಟು ತಿಂಗಳು?" ಕೇಳಿದವರೂ ಹಗುರಾಗುತ್ತಿದ್ದರು. ಕ್ಯಾನ್ಸರ್ ಅಂತ ಹೇಳಬೇಕೋ ಬೇಡವೋ ಅನ್ನುವುದು ಅವರವರ ಇಷ್ಟ. ತರಕಾರಿ ಗಾಡಿಯ ಹತ್ತಿರ ಎಲ್ಲ ಕತೆಯನ್ನೂ ಹೇಳುವ ಸಾಲ ಯಾರಿಗೂ ಇಲ್ಲ.

ಮಕ್ಕಳು ದಿಟ್ಟಿಸಿ ನೋಡುತ್ತವೆ. ಅವರನ್ನು ಗದರಿಸಿ ಕರೆದುಕೊಂಡು ಹೋಗುವುದೇ ಹೆಚ್ಚು ನೋವು ಕೊಡುತ್ತದೆ ಅಂತ ದೊಡ್ಡಮ್ಮ ಹೇಳುತ್ತಿದ್ದರು. ನೋಡಲಿ ಬಿಡಿ, ಕೇಳಲಿ ಬಿಡಿ.

ಮನೆಯ ಮಟ್ಟದಲ್ಲಿ ನಾವು ಕಲಿತದ್ದು ಚಿಕ್ಕ ಚಿಕ್ಕ ವಿಷಯ. ಮುಖ ನೋಡಿ ಮಾತಾಡುವುದು. ಫೋಟೋ ತೆಗೆಯುವಾಗ ಅವರನ್ನು ಹಿಂದಿನ ಸಾಲಿಗೆ ಕಳಿಸದಿರುವುದು, ಬಲವಂತವಾಗಿ ಮುಂದಕ್ಕೆ ಎಳೆಯದೆಯೂ ಇರುವುದು. ಮೊದಲ ಸಲ ಹೊರಗೆ ಹೋಗುವುದು ಮದುವೆ ಮನೆಗೆ ಬೇಡ. ನಾವು ಬೆಳಿಗ್ಗೆ ಆರಕ್ಕೆ ಹಾಲಿನ ಬೂತಿಗೆ ಹೋಗಿ ಬಂದೆವು. ಆಮೇಲೆ ದೇವಸ್ಥಾನ. ಆಮೇಲೆ ಸಂತೆ. ನಿದ್ದೆ ಹೋದರೆ, ವಾರಗಟ್ಟಲೆ ಯಾರನ್ನೂ ನೋಡಲು ಮನಸ್ಸಾಗದಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಗುರುತನ್ನು ಮೇಕಪ್‌ನಿಂದ ಮುಚ್ಚುವುದು ತಪ್ಪೂ ಅಲ್ಲ, ಕಡ್ಡಾಯವೂ ಅಲ್ಲ. ಒಂದು ವರ್ಷ ಕಾದ ಮೇಲೂ ಗುರುತು ಎಳೆಯುತ್ತಿದ್ದರೆ, ಫ್ಲ್ಯಾಪ್ ದಪ್ಪ ಉಳಿದಿದ್ದರೆ ಅದನ್ನು ತೆಳು ಮಾಡುವ, ಗೆರೆಯನ್ನು ತಿದ್ದುವ ಸಣ್ಣ ಆಪರೇಷನ್‌ಗಳಿವೆ. ಲೇಸರ್ ಮಾಡಿಸುವುದಾದರೆ ಕಂದು ಚರ್ಮದ ಅನುಭವ ಇರುವ ಡಾಕ್ಟರ ಹತ್ತಿರವೇ ಹೋಗಿ, ತಪ್ಪಿದರೆ ಕಪ್ಪು ಜಾಸ್ತಿಯಾಗುತ್ತದೆ. ಇನ್ಶೂರೆನ್ಸ್ ಇದ್ದವರಿಗೆ ಒಂದು ಮಾತು. ಅಂದಕ್ಕಾಗಿ ಮಾಡುವ ಪ್ಲಾಸ್ಟಿಕ್ ಸರ್ಜರಿಗೆ ಪಾಲಿಸಿಗಳು ದುಡ್ಡು ಕೊಡುವುದಿಲ್ಲ. ಆದರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲೆ ಅಂಗವನ್ನು ಮತ್ತೆ ಕಟ್ಟುವ ಸರ್ಜರಿ ಆ ನಿರ್ಬಂಧದಿಂದ ಹೊರಗಿದೆ. ಡಿಸ್ಚಾರ್ಜ್ ಕಾಗದದಲ್ಲಿ ಕ್ಯಾನ್ಸರ್ ನಂತರದ ಮರುನಿರ್ಮಾಣ ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ.

ಮತ್ತೆ ಬಂದರೆ?

ಈ ಭಯ ಎಲ್ಲರಿಗೂ ಇರುತ್ತದೆ. ಗುರುತಿನ ಮೇಲೆ ಒಂದು ಮೊಡವೆ ಎದ್ದರೂ ರಾತ್ರಿ ನಿದ್ದೆ ಬರುವುದಿಲ್ಲ. ಗುರುತಿನ ಸ್ವಭಾವ ಗೊತ್ತಿದ್ದರೆ ಸ್ವಲ್ಪ ಧೈರ್ಯ ಬರುತ್ತದೆ. ಆರೋಗ್ಯವಾದ ಗುರುತು ತಿಂಗಳು ಕಳೆದಂತೆ ಮೆತ್ತಗಾಗುತ್ತದೆ, ಚಪ್ಪಟೆಯಾಗುತ್ತದೆ. ಒಂದು ಸಲ ಸಮವಾದ ಗುರುತಿನಲ್ಲಿ ಹೊಸದಾಗಿ ಗಂಟು ಎದ್ದರೆ, ಹೊಳೆಯುವ ಅಂಚು ಕಂಡರೆ, ನಾಲ್ಕು ವಾರವಾದರೂ ಮಾಯದ ಹುಣ್ಣಾದರೆ, ರಕ್ತ, ಹಕ್ಕಳೆ, ಮತ್ತೆ ರಕ್ತ ಅನ್ನುವ ಸುತ್ತು ಶುರುವಾದರೆ ತೋರಿಸಬೇಕು. ಸ್ಕ್ವೇಮಸ್, ಮೆಲನೋಮಾ ಆದವರು ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಗಡ್ಡೆ ಇದೆಯಾ ಅಂತ ಮುಟ್ಟಿ ನೋಡಿಕೊಳ್ಳುವುದನ್ನು ಡಾಕ್ಟರ ಹತ್ತಿರ ಕಲಿಯಬೇಕು.

ಒಮ್ಮೆ ಚರ್ಮದ ಕ್ಯಾನ್ಸರ್ ಬಂದವರಿಗೆ ಬೇರೆ ಜಾಗದಲ್ಲಿ ಹೊಸದಾಗಿ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಆದ್ದರಿಂದ ಚೆಕಪ್ಪಿಗೆ ಹೋದಾಗ ಗುರುತನ್ನಷ್ಟೇ ಅಲ್ಲ, ಇಡೀ ಮೈಯನ್ನು ತೋರಿಸಬೇಕು. ಅಂಗಾಲು, ಉಗುರು, ತಲೆಯ ಕೂದಲೊಳಗೆ, ಬೆನ್ನು ಎಲ್ಲವನ್ನೂ. ನಾವು ತಿಂಗಳ ಮೊದಲ ಭಾನುವಾರ ದೊಡ್ಡಮ್ಮನ ಗುರುತಿನ ಫೋಟೋ ತೆಗೆಯುತ್ತೇವೆ. ಅದೇ ಕಿಟಕಿ, ಅದೇ ಬೆಳಕು. ಶುರು ಮಾಡಿದ್ದು ಕ್ಯಾನ್ಸರ್ ಮೇಲೆ ಕಣ್ಣಿಡಲು. ಆದರೆ ಸಾಲಾಗಿ ಹನ್ನೆರಡು ಫೋಟೋ ಇಟ್ಟು ನೋಡಿದಾಗ ಗೆರೆ ಹೇಗೆ ಕಪ್ಪಿನಿಂದ ಕಂದಿಗೆ, ಕಂದಿನಿಂದ ಚರ್ಮದ ಬಣ್ಣಕ್ಕೆ ಬಂತು ಅನ್ನುವುದು ಅವರಿಗೇ ಕಂಡಿತು. ಕನ್ನಡಿಯಲ್ಲಿ ದಿನಾ ನೋಡುವವರಿಗೆ ಅದು ಕಾಣುವುದಿಲ್ಲ.

ವರ್ಷದ ಚೆಕಪ್ಪಿನಲ್ಲಿ ದೊಡ್ಡಮ್ಮ ಕೇಳಿದ್ದು ಕ್ಯಾನ್ಸರ್ ಬಗ್ಗೆ ಅಲ್ಲ. "ಡಾಕ್ಟರೇ, ಬೊಟ್ಟು ಹಾಕ್ಕೋಬಹುದಾ?" ಹೊಸ ಚರ್ಮಕ್ಕೆ ಬೇಡ ಅಂದರು ಡಾಕ್ಟರು. ಕೀಲಾಯ್ಡ್ ಆಗುವ ಗುಣ ಇಲ್ಲ ಅಂತ ಹಣೆಯ ಗೆರೆ ನೋಡಿ, ಕಿವಿಯ ತೂತು ನೋಡಿ, ಎಡಗಡೆ ಚುಚ್ಚಿಸಬಹುದು ಅಂದರು. ಯುಗಾದಿಗೆ ನಾಲ್ಕು ದಿನ ಇರುವಾಗ ಚುಚ್ಚಿಸಿಕೊಂಡು ಬಂದರು. ಅದೇ ಹಳೇ ಬಿಳಿ ಹರಳಿನ ಬೊಟ್ಟು. ತಿರುಪು ಮಾತ್ರ ಹೊಸದು.